ನಡುಬಾಗಿಲಿನ ಆಚೆಯ ಮನೆ

ಮೂಡುಬಿದಿರೆಯ ಮಂಟಪದ ಕೇರಿಯಲ್ಲಿ ಜಾಗದ ರೇಟು ಕೇಳುವವನಿಗೆ ಮೊದಲು ಒಂದು ಲೋಟ ನೀರು ಕೊಡಬೇಕು, ಆಮೇಲೆ ಉತ್ತರ ಹೇಳಬೇಕು. ಕೇರಿಯ ತುದಿಯಲ್ಲಿ ಯಾವ ಕಾಲದ್ದೋ ಒಂದು ಕಲ್ಲುಮಂಟಪ. ಅದರ ಸುತ್ತ ಸರಕಾರ ಕಬ್ಬಿಣದ ಬೇಲಿ ಹಾಕಿ, ನೀಲಿ ಬೋರ್ಡು ನೆಟ್ಟು, ನೂರು ಮೀಟರ್ ಒಳಗೆ ಯಾರೂ ಹೊಸದಾಗಿ ಏನನ್ನೂ ಕಟ್ಟಕೂಡದು ಎಂದು ಬರೆದಿದೆ. ಇದ್ದ ಮನೆಯನ್ನು ರಿಪೇರಿ ಮಾಡಬಹುದು, ಅದಕ್ಕೂ ಅರ್ಜಿ ಹಾಕಬೇಕು. ಹೀಗಾಗಿ ಕುಶಾಲಪ್ಪನವರ ಖಾಲಿ ಹತ್ತು ಸೆಂಟ್ಸ್ ಜಾಗವನ್ನು ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ. ಅವರ ಬೇಲಿಯ ಈಚೆಗಿರುವ ಬೀಫಾತಿಮಾಳ ಹಳೆಯ ಹಂಚಿನ ಮನೆಗೆ ಮಾತ್ರ ತೊಂಬತ್ತು ಲಕ್ಷ ಬರುತ್ತದೆ ಎಂದು ಬ್ರೋಕರ್ ಅಬ್ದುಲ್ ರಹಿಮಾನ್ ಎದೆ ತಟ್ಟಿ ಹೇಳಿದ್ದ.

“ಹೊಸತು ಕಟ್ಲಿಕ್ಕೆ ಬಿಡದ ಕಡೆ ಕಟ್ಟಿದ ಮನೆಯೇ ಚಿನ್ನ ಬೀಫಾತಿಮಮ್ಮ. ಇಂಥಾ ಮನೆಯನ್ನೇ ಹುಡುಕ್ತಾ ಬರ್ತಾರೆ ಈಗ.”

ಬ್ರೋಕರ್‌ಗಳ ಮಾತೆಲ್ಲ ಸುಳ್ಳಲ್ಲ. ಆದರೆ ಪೂರ್ತಿ ನಂಬಿದವನು ಕೆಟ್ಟ.

ಮನೆ ಬೀಫಾತಿಮಾಳ ಹೆಸರಿನಲ್ಲಿತ್ತು, ಅವಳ ಉಮ್ಮನಿಂದ, ಅಂದರೆ ತಾಯಿಯಿಂದ, ಬಂದದ್ದು. ಎದುರಿಗೆ ಜಗಲಿ, ಚಾವಡಿ, ಎರಡು ಕೋಣೆ. ಆಮೇಲೆ ಹಲಸಿನ ಮರದ ನಡುಬಾಗಿಲು. ಅದರ ಆಚೆ ಅಡುಗೆಮನೆ, ಉಗ್ರಾಣ, ಬಾವಿ, ಬಚ್ಚಲು ಮತ್ತು ಅರೆ. ಮಗಳಿಗೂ ಅವಳ ಪುದಿಯಾಪ್ಳೆಗೂ, ಅಂದರೆ ಮದುಮಗನಿಗೂ, ಹೆಣ್ಣಿನ ಮನೆಯವರೇ ಕಟ್ಟಿಸಿಕೊಡುವ ಕೋಣೆಗೆ ಅರೆ ಎನ್ನುತ್ತಾರೆ. ನಲವತ್ತೊಂದು ವರ್ಷದ ಹಿಂದೆ ಅದನ್ನು ಬೀಫಾತಿಮಾಳ ಉಪ್ಪ ಅವಳ ಮದುವೆಗೆಂದೇ ಕಟ್ಟಿಸಿದ್ದರು. ಆ ಅರೆಗೆ ಪುದಿಯಾಪ್ಳೆಯಾಗಿ ಬಂದ ಸುಲೈಮಾನ್ ಮತ್ತೆ ತಮ್ಮ ಮನೆಗೆ ಹೋಗಲೇ ಇಲ್ಲ. ಈಗ ಅಲ್ಲಿ ಮಗಳು ಹಫ್ಸ ತನ್ನ ಎಂಟು ವರ್ಷದ ರಿಫಾಳ ಜೊತೆ ಮಲಗುತ್ತಾಳೆ. ಗಂಡ ತಲಾಖ್ ಕೊಟ್ಟು ಐದು ವರ್ಷವಾಯಿತು. ಬೆಳ್ತಂಗಡಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಬೆಳಿಗ್ಗೆ ಏಳಕ್ಕೆ ವೇಣೂರು ದಾರಿಯ ಬಸ್ಸು ಹತ್ತಿದರೆ ವಾಪಸು ಬರುವಾಗ ಸಂಜೆಯ ಮಗ್ರಿಬ್ ಬಾಂಗ್ ಆಗಿರುತ್ತದೆ.

ಮನೆ ಮಾರುವ ಮಾತು ಹುಟ್ಟಿದ್ದು ಬಚ್ಚಲಿನಿಂದ. ಸುಲೈಮಾನರಿಗೆ ಎರಡೂ ಮೊಣಕಾಲು ಹೋಗಿತ್ತು. ಬಚ್ಚಲಿಗೆ ಹೋಗಬೇಕಾದರೆ ಮೂರು ಮೆಟ್ಟಿಲು ಇಳಿದು ಬಾವಿಕಟ್ಟೆ ದಾಟಬೇಕು. ಎದುರಿನ ಕೋಣೆಗೆ ತಾಗಿಸಿ ಒಂದು ಕಮೋಡ್ ಕೂರಿಸಲು ಕೊಟ್ಟ ಅರ್ಜಿಗೆ ಹದಿನಾಲ್ಕು ತಿಂಗಳ ಮೇಲೆ ಉತ್ತರ ಬಂತು. ‘ತಿರಸ್ಕರಿಸಲಾಗಿದೆ.’

ಶುಕ್ರವಾರ ನಮಾಜು ಮುಗಿಸಿ ಊಟಕ್ಕೆ ಕೂತಾಗ ಮಗ ಶಮೀರ್ ಮಾತು ತೆಗೆದ. ಹಫ್ಸಳಿಗೂ ಆ ದಿನ ರಜೆ.

“ಉಪ್ಪ ಜಾರಿ ಬಿದ್ದದ್ದು ಇದು ಎರಡನೇ ಸಲ. ಮೂರನೇ ಸಲ ಬಿದ್ರೆ ಎಂತ ಮಾಡುದು? ಆ ಮಂಟಪದವರು ಬಂದು ಎತ್ತುತ್ತಾರಾ? ನನಗೂ ದಿನಾ ಬಿ.ಸಿ.ರೋಡಿಗೆ ಬೈಕಿನಲ್ಲಿ ಹೋಗಿ ಬಂದು ಬೆನ್ನು ಹೋಯ್ತು. ಅಂಗಡಿ ಅಲ್ಲಿ, ಮನೆ ಇಲ್ಲಿ. ಮಾರುವ.”

ಅವನದು ಬಿ.ಸಿ.ರೋಡಿನಲ್ಲಿ ಶಾಲೆಯ ಬ್ಯಾಗು, ಕೊಡೆಗಳ ಅಂಗಡಿ.

“ಹಫ್ಸ?” ಎಂದಳು ಬೀಫಾತಿಮಾ, ಮಗನ ಬಟ್ಟಲಿಗೆ ಬಂಗುಡೆ ಸಾರು ಬಡಿಸುತ್ತಾ.

“ಅವಳಿಗೂ ಲೆಕ್ಕ ಹಾಕಿದ್ದೇನೆ ಉಮ್ಮ. ತೊಂಬತ್ತು ಬಂದ್ರೆ ನಮಗೆ ಮೂರು ರೂಮಿನ ಫ್ಲಾಟು, ಐವತ್ತೆರಡು. ಅವಳಿಗೆ ಬೆಳ್ತಂಗಡಿ ಕಡೆ ಸಣ್ಣ ಮನೆ. ಎರಡೂ ಆಗ್ತದೆ.”

ಸೊಸೆ ಶಬ್ನಾ ಒಲೆಯ ಹತ್ತಿರದಿಂದಲೇ, “ಅಲ್‌ಹಮ್ದುಲಿಲ್ಲಾ” ಅಂದಳು. ಹತ್ತು ವರ್ಷ ಆ ಅಡುಗೆಮನೆಯ ಹೊಗೆ ಕುಡಿದವಳು. ಅವಳನ್ನು ತಪ್ಪು ಎನ್ನಲಾಗದು.

ಹಫ್ಸ ಅಣ್ಣನ ಮುಖ ನೋಡಿದಳು. “ನಿಜಕ್ಕೂ ಹೇಳ್ತಿದ್ದೀಯಾ ಕಾಕ?”

“ನಿಜ ಅಲ್ಲದೆ? ಮನೆ ನೋಡಿ ಇಡು ನೀನು.”

ಅವಳು ನೋಡಿಯೇ ಇಟ್ಟಿದ್ದಳು. ಗುರುವಾಯನಕೆರೆಯ ಹತ್ತಿರ ಸೇಸಮ್ಮ ಎಂಬ ಮುದುಕಿಯ ಎರಡು ಕೋಣೆಯ ತಾರಸಿ ಮನೆ, ಇಪ್ಪತ್ತೇಳು ಲಕ್ಷ. ಮರುದಿನವೇ ಹೋಗಿ, ತನ್ನ ಉಳಿತಾಯದಿಂದ ಐವತ್ತು ಸಾವಿರ ಮುಂಗಡ ಕೊಟ್ಟು ಬಂದಳು. ಆ ವಾರವಿಡೀ ಅವಳು ರಿಫಾಳಿಗೆ ಬೈದದ್ದಿಲ್ಲ.

ಅಬ್ದುಲ್ ರಹಿಮಾನ್ ಕರೆದುಕೊಂಡು ಬಂದ ಗಿರಾಕಿಯ ಹೆಸರು ನಿತ್ಯಾನಂದ, ಬೆಳ್ತಂಗಡಿಯವರು. ಮಂಟಪ ನೋಡಲು ಬರುವವರು ಉಳಿದುಕೊಳ್ಳಲಿಕ್ಕೆ ಹೋಮ್‌ಸ್ಟೇ ಮಾಡುವ ಯೋಚನೆ ಅವರದು. ಮನೆಯೆಲ್ಲ ಸುತ್ತಿದರು. ಬಾವಿಗೆ ಬಗ್ಗಿ ನೋಡಿದರು. ಅರೆಯ ಮರದ ಮುಚ್ಚಿಗೆಯ ಕೆಳಗೆ ಕತ್ತೆತ್ತಿ ಬಹಳ ಹೊತ್ತು ನಿಂತರು.

“ಎದುರಿನದ್ದು ಎಲ್ಲ ಕಡೆಯೂ ಸಿಗ್ತದೆ ಅಮ್ಮ. ನನಗೆ ಬೇಕಾದ್ದು ಈ ಹಿಂದಿನ ಭಾಗವೇ. ತೊಂಬತ್ತು ಹೆಚ್ಚಾಯ್ತು, ಆದ್ರೂ ಕೊಡ್ತೇನೆ. ಬ್ಯಾಂಕಿನವರಿಗೆ ಮಂಟಪದ ಇಲಾಖೆಯ ಒಂದು ಕಾಗದ ಬೇಕಂತೆ, ಅದೊಂದು ಆಗಲಿ.”

ಅವರಿಗೆ ಕಲ್ತಪ್ಪ, ಚಹಾ ಕೊಟ್ಟು ಕಳಿಸಿದರು. ಬೀಫಾತಿಮಾ ಆ ದಿನ ಎರಡು ರಕಾತ್ ಹೆಚ್ಚಿಗೆ ನಮಾಜು ಮಾಡಿದಳು.

ಇಪ್ಪತ್ತು ದಿನಕ್ಕೆ ಕಾಗದ ಬಂತು. ಶಮೀರ್ ಅದನ್ನು ಚಾವಡಿಯ ಮೇಜಿನ ಮೇಲೆ ಬಿಚ್ಚಿ ಹಾಕಿದ. ಜೊತೆಗೊಂದು ನಕ್ಷೆ, ಹನ್ನೊಂದು ವರ್ಷದ ಹಿಂದಿನ ಸರ್ವೆಯದ್ದು. ನಕ್ಷೆಯಲ್ಲಿ ಜಗಲಿ ಇತ್ತು, ಚಾವಡಿ ಇತ್ತು, ಎರಡು ಕೋಣೆ ಇತ್ತು. ನಡುಬಾಗಿಲಿಗೆ ಮನೆ ಮುಗಿದುಹೋಗಿತ್ತು. ಅದರ ಆಚೆ ಬರೇ ಬಿಳಿ ಕಾಗದ.

“ಖಾಲಿ ಹಿತ್ತಿಲು ಅಂತ ಉಂಟು ಇವರ ರೆಕಾರ್ಡಿನಲ್ಲಿ” ಎಂದ ಶಮೀರ್. ಬಿಳಿ ಜಾಗದ ಮೇಲೆ ಬೆರಳು ಕುಟ್ಟಿದ. “ಹಾಗಾದ್ರೆ ಈಗ ಅಲ್ಲಿ ಇರುವುದು ಎಲ್ಲ ಆಮೇಲೆ ಕಳ್ಳತನದಲ್ಲಿ ಕಟ್ಟಿದ್ದು. ಒಡೆದು ತೆಗೀಬೇಕು. ಒಡೆದ ಮೇಲೆ ಮತ್ತೆ ಕಟ್ಟುವ ಹಾಗೂ ಇಲ್ಲ.”

“ಎಂತ ಹುಚ್ಚು!” ಸುಲೈಮಾನ್ ಕೋಲು ಕುಟ್ಟಿದರು. “ನಾನು ಮದುವೆಯಾಗಿ ಬಂದದ್ದೇ ಆ ಅರೆಗೆ. ಕುಶಾಲಪ್ಪನವರನ್ನು ಕೇಳಲಿ.”

“ಬಾಯಿ ಮಾತು ಯಾರಿಗೆ ಬೇಕು ಉಪ್ಪ? ಪಂಚಾಯತು ಇದ್ದಾಗ ತೆರಿಗೆ ಕಡಿಮೆ ಆಗಲಿ ಅಂತ ಅಜ್ಜ ಬರೆಸಿದ್ದೂ ಎದುರಿನದ್ದು ಮಾತ್ರ. ಒಂದು ಫೋಟೋ ಉಂಟಾ? ಒಳಗಿನ ಹೆಂಗಸರ ಫೋಟೋ ತೆಗೆಸಬಾರದು ಅಂತ ಅದೂ ಇಲ್ಲ.”

ನಿತ್ಯಾನಂದರು ಒಳ್ಳೆಯ ಮನುಷ್ಯ, ಸಿಟ್ಟು ಮಾಡಲಿಲ್ಲ. ಅರ್ಧ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಮತ್ತೊಮ್ಮೆ ಅಳೆಯುತ್ತೇವೆ ಎಂದು ಇಲಾಖೆಯವರು ಒಂದು ಗೆರೆ ಬರೆದು ಕೊಟ್ಟರೂ ಸಾಕು ಎಂದರು. ಇಲಾಖೆಯ ಗುಮಾಸ್ತನೂ ಒಂದು ದಾರಿ ಹೇಳಿದ. ನಕ್ಷೆ ತಪ್ಪು ಎಂದರೆ ಯಾರೂ ಕೇಳುವುದಿಲ್ಲ. ಆದರೆ ಸರ್ವೆಯ ದಿನ ಮನೆಯಲ್ಲಿದ್ದವರು ಯಾರಾದರೂ ಬಂದು, ಅಳೆಯುವವರು ಹಿಂದಿನ ಭಾಗ ನೋಡಲೇ ಇಲ್ಲ ಎಂದು ಬರೆದುಕೊಟ್ಟರೆ ಅರ್ಜಿ ತೆಗೆದುಕೊಳ್ಳಬಹುದು.

“ಯಾರಿದ್ರು ಆ ದಿನ ಮನೆಯಲ್ಲಿ?” ಶಮೀರ್ ಎಲ್ಲರನ್ನೂ ನೋಡಿದ. “ನಾನು ಆಗ ಸೌದಿಯ ದಮ್ಮಾಮಿನಲ್ಲಿದ್ದೆ. ಉಪ್ಪ?”

“ಆಗ ನನಗೂ ಅಂಗಡಿ ಇತ್ತಲ್ಲ, ಅಲ್ಲಿದ್ದಿರಬೇಕು. ಯಾರೂ ನನ್ನನ್ನು ಕೇಳ್ಲಿಕ್ಕೆ ಬರಲಿಲ್ಲ.”

“ಉಮ್ಮ?”

ಬೀಫಾತಿಮಾ ಮುಸುಂಬಿ ಸುಲಿಯುತ್ತಿದ್ದಳು. “ನನಗೆ ನೆನಪಿಲ್ಲ” ಅಂದಳು.

ಸುಳ್ಳು! ಗಂಟೆ ಸಹಿತ ನೆನಪಿತ್ತು ಅವಳಿಗೆ.

ಹಫ್ಸಳನ್ನು ನೋಡಲು ಗಂಡಿನ ಕಡೆಯ ಹೆಂಗಸರು ಏಳು ಜನ ವಿಟ್ಲದಿಂದ ಬಂದ ದಿನ ಅದು. ಅರೆಯಲ್ಲಿ ಹೊಸ ಚಾಪೆ ಹಾಸಿ, ಹುಡುಗಿಗೆ ಮಲ್ಲಿಗೆ ಮುಡಿಸಿ ಕೂರಿಸಿದ್ದರು. ಅಡುಗೆಮನೆಯಲ್ಲಿ ನೈಪತ್ತಿರಿ ಎಣ್ಣೆಯಲ್ಲಿ ಉಬ್ಬುತ್ತಿತ್ತು. ಅಷ್ಟರಲ್ಲಿ ಟೇಪು ಹಿಡಿದ ಇಬ್ಬರು ಚಾವಡಿಯನ್ನು ಅಳೆದು ಮುಗಿಸಿ ನಡುಬಾಗಿಲಿಗೆ ಬಂದು ನಿಂತರು.

“ಅಮ್ಮಾ, ಒಳಗೆ ಅಳತೆ ಆಗ್ಬೇಕು.”

“ಒಳಗೆ ಹೆಂಗಸರಿದ್ದಾರೆ. ಗಂಡಸರು ಯಾರೂ ಇಲ್ಲ. ಇನ್ನೊಂದು ದಿನ ಬನ್ನಿ.”

“ಮತ್ತೊಮ್ಮೆ ಬರ್ಲಿಕ್ಕೆ ಆಗುದಿಲ್ಲ. ಆಚೆ ಎಂತ ಉಂಟು?”

ಗಂಡಿನ ತಾಯಿ ಬಗ್ಗಿ ನೋಡುತ್ತಿದ್ದಳು. ಹೆಣ್ಣಿನ ಮನೆಯಲ್ಲಿ ಪರಗಂಡಸರು ಒಳಹೊರಗೆ ಓಡಾಡುತ್ತಾರೆ ಎಂದು ವಿಟ್ಲದಲ್ಲಿ ಮಾತಾದರೆ ಸಂಬಂಧ ಕೆಟ್ಟಿತು. ಬೀಫಾತಿಮಾ ಸೆರಗು ಎಳೆದುಕೊಂಡು, “ಎಂತದ್ದೂ ಇಲ್ಲ, ಬರೇ ಹಿತ್ತಿಲು” ಎಂದಳು. ಒಂದು ಹಾಳೆಗೆ ರುಜು ಹಾಕಿ ಎಂದರು, ಹಾಕಿದಳು. ಹೋದರೆ ಸಾಕಾಗಿತ್ತು ಅವಳಿಗೆ.

ಹುಡುಗಿ ಓದು ಮುಗಿಸಲಿ, ಈ ಸಂಬಂಧ ಬೇಡ ಎಂದು ಸುಲೈಮಾನ್ ಆಗ ಸಾರಿ ಸಾರಿ ಹೇಳಿದ್ದರು. ಹಟ ಹಿಡಿದವಳು ಬೀಫಾತಿಮಾ. ಆ ಮದುವೆಯ ಗತಿ ಏನಾಯಿತೆಂದು ಮನೆಯವರಿಗೆಲ್ಲ ಗೊತ್ತು. ಈಗ ಸರ್ವೆಯ ದಿನದ ಬಗ್ಗೆ ಬಾಯಿ ಬಿಟ್ಟರೆ ಆ ಹಳೆಯ ಕತೆಯೂ ಜೊತೆಗೇ ಹೊರಗೆ ಬರುತ್ತದೆ. ಇವತ್ತು ಹೇಳುವ, ನಾಳೆ ಹೇಳುವ ಎನ್ನುತ್ತಾ ಒಂದು ವಾರ ಕಳೆಯಿತು. ಎರಡಾಯಿತು. ನಾಚಿಕೆಗೆ ಹೆದರಿ ಮಗಳ ಬಾಯಿಗೆ ಮಣ್ಣು ಹಾಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ ಎನ್ನಬೇಡಿ. ಗೊತ್ತಿತ್ತು.

ಆ ಎರಡು ವಾರ ಮನೆಯಲ್ಲಿ ನೆಮ್ಮದಿಯಿಂದ ಒಂದು ಊಟವಾಗಲಿಲ್ಲ. ಗಂಜಿಗೆ ಉಪ್ಪು ಕಡಿಮೆ ಎಂದು ಶಮೀರ್ ಶಬ್ನಾಳ ಮೇಲೆ ಹಾರಿದ. ನೀರು ಸೇದಿ ಕೈ ಸೋತಿತು, ಪಂಪು ಹಾಕಲೂ ಪರವಾನಗಿ ಬೇಕೋ ಎಂದು ಅವಳು ಬಿಂದಿಗೆ ಕುಕ್ಕಿದಳು.

ಒಂದು ಭಾನುವಾರ ಹಫ್ಸ ಉಮ್ಮನನ್ನು ಗುರುವಾಯನಕೆರೆಗೆ ಕರೆದುಕೊಂಡು ಹೋದಳು. ಸೇಸಮ್ಮ ಚಿಕ್ಕ ಮೈಯ, ಚುರುಕು ಬಾಯಿಯ ಹೆಂಗಸು. ಬೆಲ್ಲ, ನೀರು ತಂದಿಟ್ಟು, “ಬನ್ನಿ ಅಕ್ಕ, ಮಗಳ ಮನೆ ನೋಡಿ” ಅಂದಳು. ರಿಫಾ ಆಗಲೇ ಕಿಟಕಿಯ ಹತ್ತಿರ ನಿಂತು ತನ್ನ ಮೇಜು ಎಲ್ಲಿ ಬರಬೇಕೆಂದು ಕೈ ಅಗಲಿಸಿ ತೋರಿಸುತ್ತಿದ್ದಳು. ಹಫ್ಸ ಚೀಲದಿಂದ ಟೇಪು ತೆಗೆದು ಪರದೆಗೆ ಕಿಟಕಿಯ ಅಳತೆ ಹಿಡಿದಳು. ಅವಳು ಹಾಗೆ ನಗುವುದನ್ನು ಬೀಫಾತಿಮಾ ನೋಡಿ ವರ್ಷಗಳಾಗಿದ್ದವು.

“ನನಗೆ ಅವಸರ ಅಂತಲ್ಲ” ಎಂದಳು ಸೇಸಮ್ಮ. “ಮುಂಡಾಜೆಯಲ್ಲಿ ಮಗಳಿಗೆ ಬಾಣಂತನ ಉಂಟು. ಮಳೆಯ ಆಟಿ ತಿಂಗಳ ಮೊದಲು ಇದೊಂದು ಮುಗಿಸಿ ಹೋಗ್ಬೇಕು. ಮಗ ನಿತೇಶ್ ಬೇರೆ ಪಾರ್ಟಿ ಉಂಟು ಅಂತ ಹೇಳ್ತಾ ಇದ್ದಾನೆ. ನಾನೇ ಬೇಡ ಅಂದೆ. ಈ ಮಗುವಿನ ಮುಖ ನೋಡಿ ಮಾತು ಕೊಟ್ಟಾಯ್ತಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ರಿಫಾ ನಿದ್ದೆ ಹೋಗಿದ್ದಳು. ಹಫ್ಸ ಮೆಲ್ಲಗೆ ಹೇಳಿದಳು: “ಉಮ್ಮ, ಗಂಡನ ಮನೆಯಲ್ಲಿ ನನ್ನದು ಅಂತ ಎಂತದ್ದೂ ಇರ್ಲಿಲ್ಲ. ಇಲ್ಲಿ ನೀವು ಇದ್ದೀರಿ, ಆದ್ರೂ ನಾಳೆ ಕಾಕನ ಮಕ್ಕಳು ದೊಡ್ಡವರಾದ್ರೆ ನಾನು ಜಾಗ ಖಾಲಿ ಮಾಡ್ಬೇಕು. ಇದೊಂದು ಆದ್ರೆ ಸಾಕು. ಮತ್ತೆ ನಿಮ್ಮ ಹತ್ತಿರ ಏನೂ ಕೇಳುದಿಲ್ಲ.”

ಹೇಳಿಬಿಡು ಬೀಫಾತಿಮಾ, ಈಗಲೇ ಹೇಳಿಬಿಡು! ಅವಳು ಬಾಯಿ ತೆರೆದಳು. ಬಸ್ಸು ವೇಣೂರಿನಲ್ಲಿ ನಿಂತಿತು, ಜನ ಹತ್ತಿದರು, ಗದ್ದಲವಾಯಿತು. ಬಾಯಿ ಮುಚ್ಚಿಕೊಂಡಳು.

ತಿಂಗಳ ಕೊನೆಗೆ ನಾಲ್ಕು ದಿನ ಇರುವಾಗ, ಭಾನುವಾರ, ಮಧ್ಯಾಹ್ನದ ಊಟಕ್ಕೆ ಶಮೀರ್ ಅಂಗಡಿ ಮುಚ್ಚಿ ಬಂದಿದ್ದ. ಶಬ್ನಾ ಕೋರಿರೊಟ್ಟಿ ಮಾಡಿದ್ದಳು. ಯಾರಿಗೂ ಹಸಿವಿರಲಿಲ್ಲ.

“ಒಂದು ಮನೆಯ ಯಜಮಾನ ಅಂದ ಮೇಲೆ ಸರ್ವೆಯವರು ಬಂದಾಗ ಇರ್ಬೇಕಾ ಬೇಡ್ವಾ?” ಶಮೀರ್ ಉಪ್ಪನಿಗೆ ಹೇಳಿದ. “ಎಲ್ಲ ನಿಮ್ಮ ಉದಾಸೀನ.”

“ನನಗೆ ಗೊತ್ತಿದ್ರೆ ಇರ್ತಿರ್ಲಿಲ್ವಾ ಮಾರಾಯ?”

“ನಿಮಗೆ ಎಂತಕ್ಕೆ ಗೊತ್ತಾಗ್ತದೆ? ಇದು ನಿಮ್ಮ ಮನೆಯಾ? ಪುದಿಯಾಪ್ಳೆಯಾಗಿ ಬಂದು ಕೂತದ್ದಲ್ವಾ ನೀವು? ಊಟ ಉಂಟಲ್ಲ, ಮತ್ತೆಂತ!”

ಶಬ್ನಾ “ಯಾ ಅಲ್ಲಾಹ್, ಬಾಯಿ ಮುಚ್ಚಿ” ಎಂದು ಗಂಡನ ಕೈ ಹಿಡಿದಳು. ಸುಲೈಮಾನ್ ರೊಟ್ಟಿಯ ಚೂರನ್ನು ಸಾರಿನಲ್ಲಿ ಅದ್ದಿದವರು ಹಾಗೇ ಕೂತುಬಿಟ್ಟರು. ನಲವತ್ತೊಂದು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ.

“ಅವರನ್ನು ಎಂತದ್ದೂ ಹೇಳ್ಬೇಡ” ಎಂದಳು ಬೀಫಾತಿಮಾ. “ನಾನಿದ್ದೆ ಆ ದಿನ. ನಾನೇ ಅವರನ್ನು ನಡುಬಾಗಿಲು ದಾಟ್ಲಿಕ್ಕೆ ಬಿಡ್ಲಿಲ್ಲ. ಆಚೆ ಹಿತ್ತಿಲು ಅಂತ ಹೇಳಿದೆ. ರುಜುವೂ ಹಾಕಿದೆ.”

ಶಮೀರ್ ಬಟ್ಟಲು ತಳ್ಳಿ ಕೂಗಿದ: “ಮೂರು ವಾರ! ಮೂರು ವಾರದಿಂದ ನಾನು ನಾಯಿಯ ಹಾಗೆ ಆಫೀಸು ಆಫೀಸು ಸುತ್ತುತ್ತಿದ್ದೇನೆ. ನಿಮ್ಮ ಎದುರೇ ಕೇಳಿದ್ದಲ್ವಾ ಉಮ್ಮ? ನೆನಪಿಲ್ಲ ಅಂದ್ರಲ್ಲ?”

“ಹೆದರಿಕೆಯಾಯ್ತು.”

“ಯಾರ ಹೆದರಿಕೆ?”

ಅವಳು ಮಗಳ ಕಡೆ ನೋಡಿದಳು. ಹಫ್ಸ ಬಟ್ಟಲು ನೋಡುತ್ತಾ ಕೇಳಿದಳು: “ಯಾವ ದಿನ ಉಮ್ಮ ಅದು?”

“ನಿನ್ನನ್ನು ನೋಡ್ಲಿಕ್ಕೆ ಬಂದ ದಿನ.”

ಹಫ್ಸ ಎದ್ದು ತನ್ನ ಬಟ್ಟಲು ತೊಳೆದಿಟ್ಟಳು. ರಿಫಾಳ ಬಟ್ಟಲನ್ನೂ ತೊಳೆದಳು. ಬೈದಿದ್ದರೆ ಬೀಫಾತಿಮಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ತಾಯಿ ಮಗ ಇಬ್ಬರೂ ಆಫೀಸಿಗೆ ಓಡಿದರು. ಗುಮಾಸ್ತ ಹಳೆಯ ಕಡತ ಬಿಚ್ಚಿ, ಕನ್ನಡಕ ಏರಿಸಿ ಓದಿದ: ‘ನಡುಬಾಗಿಲಿನ ಆಚೆ ಕಟ್ಟಡವಿರುವುದಿಲ್ಲವೆಂದು ಮನೆಯವರು ತಿಳಿಸಿರುತ್ತಾರೆ.’ ಕೆಳಗೆ ಓರೆಕೋರೆಯಾಗಿ ‘ಬೀಫಾತಿಮ’ ಎಂದಿತ್ತು.

“ಇದು ನಿಮ್ಮದೇ ಅಲ್ವಾ ಅಮ್ಮ?”

“ನನ್ನದೇ.”

“ನೋಡ್ಲಿಕ್ಕೆ ಬಿಡ್ಲಿಲ್ಲ ಅನ್ನುವುದು ಬೇರೆ, ಇಲ್ಲ ಅಂತ ಬರೆದು ಕೊಟ್ಟದ್ದು ಬೇರೆ. ಆದ್ರೂ ಅರ್ಜಿ ಕೊಡಿ, ಮೇಲಕ್ಕೆ ಕಳಿಸ್ತೇನೆ. ದೆಹಲಿಗೆ ಹೋಗಿ ಬರ್ಬೇಕು. ಒಂದು ವರ್ಷವೂ ಆಗಬಹುದು, ಎರಡೂ ಆಗಬಹುದು.”

ಆಫೀಸಿನ ಮೆಟ್ಟಿಲಲ್ಲೇ ನಿಂತು ಶಮೀರ್ ನಿತ್ಯಾನಂದರಿಗೆ ಫೋನು ಮಾಡಿದ. ಅರ್ಜಿ ಕೊಟ್ಟಾಯ್ತು, ಸ್ವಲ್ಪ ಕಾಯಿರಿ ಎಂದು ಕೈಮುಗಿಯುವ ದನಿಯಲ್ಲಿ ಹೇಳಿದ. ಆಚೆಯ ಮಾತು ಬೀಫಾತಿಮಾಳಿಗೂ ಕೇಳುತ್ತಿತ್ತು.

“ಅಯ್ಯೋ, ನಿನ್ನೆಯೇ ಬಂಟ್ವಾಳ ಪೇಟೆಯಲ್ಲಿ ಒಂದು ಮನೆಗೆ ಅಡ್ವಾನ್ಸ್ ಕೊಟ್ಟೆ ಶಮೀರ್. ಹೋದ ವಾರ ನಿಮಗೆ ಎರಡು ಸಲ ಫೋನು ಮಾಡಿದ್ದೆ. ಏನೂ ಆಗುದಿಲ್ಲ ಅಂತ ನೀವೇ ಹೇಳಿದ್ರಿ. ಇದನ್ನು ಒಂದು ವಾರ ಮೊದಲು ಹೇಳ್ತಿದ್ರೆ ನಾನು ಬೇರೆ ಕಡೆ ನೋಡ್ತಾನೇ ಇರ್ಲಿಲ್ಲ.”

ಒಂದು ವಾರ. ಮಂಟಪದ ಕಾನೂನು ಮನೆಯ ಬೆಲೆ ಇಳಿಸಿತು, ಸರಿ. ಆದರೆ ಆ ಒಂದು ವಾರವನ್ನು ತಿಂದದ್ದು ಕಾನೂನಲ್ಲ, ತನ್ನ ಬಾಯಿ. ದಾರಿಯಿಡೀ ಬೀಫಾತಿಮಾ ಅದನ್ನೇ ಲೆಕ್ಕ ಹಾಕಿದಳು. ಶಮೀರ್ ಬೈಕನ್ನು ಜೋರಾಗಿ ಓಡಿಸಿದ.

ಆಮೇಲೆ ಬಂದ ಗಿರಾಕಿ ಝುಬೈರ್ ಎಂಬ ಅಕ್ಕಿ ವ್ಯಾಪಾರಿ. ಎದುರಿನ ಭಾಗ ಗೋದಾಮಿಗೆ ಸಾಕು ಅವನಿಗೆ. ನಲವತ್ತೈದು ಲಕ್ಷ, ಒಂದು ರೂಪಾಯಿ ಮೇಲೆ ಇಲ್ಲ. ಹಿಂದಿನ ಭಾಗವನ್ನು ಇವರೇ ಒಡೆಸಿ, ಇಲಾಖೆಯ ತಕರಾರು ಮುಗಿಸಿ ಕೊಡಬೇಕು.

“ಹಫ್ಸಳಿಗೆ ಮನೆ ಇಲ್ಲದಿದ್ರೆ ನಾನು ರುಜು ಹಾಕುದಿಲ್ಲ” ಎಂದಳು ಬೀಫಾತಿಮಾ.

“ಹಾಕ್ಬೇಡಿ. ನಲವತ್ತೈದರಲ್ಲಿ ಎರಡು ಮನೆ ಎಲ್ಲಿ ಸಿಗ್ತದೆ, ನೀವೇ ತೋರಿಸಿ. ಎರಡು ರೂಮಿನ ಫ್ಲಾಟಿಗೇ ನಲವತ್ತೆರಡು, ರಿಜಿಸ್ಟ್ರಿ ಬೇರೆ.”

“ಸ್ವಲ್ಪ ತಡೆಯುವ. ದೆಹಲಿಯಿಂದ ಕಾಗದ ಬರಲಿ.”

“ಆವತ್ತು ನೀವು ತಡೆದದ್ದು ಸಾಕಲ್ವಾ ಉಮ್ಮ?”

ಆದರೂ ಬೀಫಾತಿಮಾ ಹಟ ಬಿಡಲಿಲ್ಲ. ಹತ್ತು ದಿನ ಕಳೆದ ಮೇಲೆ ನಸುಕಿನ ಸುಬಹ್ ನಮಾಜಿಗೆ ಕೈಕಾಲು ತೊಳೆದು ವುಝೂ ಮಾಡಲು ಹೋದ ಸುಲೈಮಾನ್ ಬಾವಿಕಟ್ಟೆಯ ಹತ್ತಿರ ಬಿದ್ದರು. ಸೊಂಟದ ಎಲುಬು ಮುರಿಯಿತು. ರಾಡು ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು, ಇನ್ನು ಮೆಟ್ಟಿಲು ಇಳಿಯುವ ಹಾಗಿಲ್ಲ. ಆಮೇಲೆ ಮಲಮೂತ್ರವೆಲ್ಲ ಚಾವಡಿಯ ಮಂಚದ ಮೇಲೆ. ಶಬ್ನಾ ಮೂಗು ಮುಚ್ಚಿಕೊಳ್ಳದೆ ಎಲ್ಲ ಮಾಡಿದಳು, ಅದನ್ನು ಹೇಳಲೇಬೇಕು. ಸುಲೈಮಾನ್ ಮಾತ್ರ ಗೋಡೆಯ ಕಡೆ ತಿರುಗಿ, “ನನ್ನನ್ನು ಮೇಲಿರುವ ಪಡಚ್ಚೋನು ಬೇಗ ಕರೆದುಕೊಳ್ಳಲಿ” ಎನ್ನುತ್ತಿದ್ದರು.

ಒಂದು ಸಂಜೆ ಹಫ್ಸ ಕ್ಲಿನಿಕ್ಕಿನಿಂದ ಬಂದು, ಬುರ್ಖಾ ತೆಗೆಯದೆ ಉಮ್ಮನ ಎದುರು ಕೂತಳು.

“ಉಮ್ಮ, ರುಜು ಹಾಕಿ.”

“ನಿನ್ನ ಮನೆ?”

“ಸೇಸಮ್ಮ ಬೇರೆಯವರಿಗೆ ಕೊಟ್ಟಾಯ್ತು. ಮೊನ್ನೆ ಕ್ಲಿನಿಕ್ಕಿಗೇ ಬಂದು ನನ್ನ ಐವತ್ತು ಸಾವಿರ ಕೈಯಲ್ಲಿಟ್ಟು ಹೋದ್ರು. ಒಂದು ಪೈಸೆ ಹಿಡಿಯಲಿಲ್ಲ. ಅವರೇ ಕಣ್ಣೀರು ಹಾಕಿದ್ರು.”

“ನನ್ನಿಂದ ಆಯ್ತಲ್ಲ ಮಗಳೇ.”

ಇಲ್ಲ ಉಮ್ಮ ಎಂದು ಅವಳು ಹೇಳಬಹುದೆಂದು ಬೀಫಾತಿಮಾ ಕಾದಳು. ಹಫ್ಸ ಹೇಳಲಿಲ್ಲ. “ಉಪ್ಪ ಹೀಗೆ ಮಲಗಿರುವುದನ್ನು ನನಗೆ ನೋಡ್ಲಿಕ್ಕೆ ಆಗುದಿಲ್ಲ” ಎಂದಷ್ಟೇ ಹೇಳಿ ಎದ್ದಳು.

ಬೀಫಾತಿಮಾ ರುಜು ಹಾಕಿದಳು. ಅರೆ ಒಡೆಯಲು ಎರಡು ದಿನ ಸಾಕಾಯಿತು. ಮುಚ್ಚಿಗೆಯ ಮರವನ್ನು ನಿತ್ಯಾನಂದರೇ ತಮ್ಮ ಬಂಟ್ವಾಳದ ಹೋಮ್‌ಸ್ಟೇಗೆಂದು ಒಳ್ಳೆಯ ಬೆಲೆ ಕೊಟ್ಟು ಒಯ್ದರು. ಆ ಹಣ ಸುಲೈಮಾನರ ಆಸ್ಪತ್ರೆ ಬಿಲ್ಲಿಗೆ ಹೋಯಿತು. ಕುಶಾಲಪ್ಪನವರು ಬೇಲಿಯ ಹತ್ತಿರ ನಿಂತು ನೋಡಿದರು. “ನನ್ನ ಜಾಗದ ಹಾಗೆಯೇ ಆಯ್ತಲ್ಲ ಬೀಫಾತಿಮಮ್ಮ ನಿಮ್ಮದೂ” ಎಂದರು.

ಬಿ.ಸಿ.ರೋಡಿನ ಫ್ಲಾಟು ಮೂರನೇ ಮಾಳಿಗೆಯಲ್ಲಿ. ಲಿಫ್ಟ್ ಉಂಟು, ಕೋಣೆಯೊಳಗೇ ಕಮೋಡ್ ಉಂಟು. ಒಂದು ಕೋಣೆ ಸುಲೈಮಾನರ ಮಂಚಕ್ಕೂ ಬೀಫಾತಿಮಾಳ ಚಾಪೆಗೂ, ಇನ್ನೊಂದು ಶಮೀರನಿಗೂ ಶಬ್ನಾಳಿಗೂ ಅವರ ಇಬ್ಬರು ಮಕ್ಕಳಿಗೂ. “ಹಾಲಿನಲ್ಲಿ ಮಲಗು ಹಫ್ಸ, ಯಾರು ಬೇಡ ಅಂತಾರೆ?” ಎಂದು ಶಬ್ನಾ ಮನಸ್ಸಿಟ್ಟೇ ಹೇಳಿದ್ದಳು. ಹಫ್ಸ ಒಪ್ಪಲಿಲ್ಲ. ಬೆಳ್ತಂಗಡಿಯಲ್ಲಿ ಒಂದು ಬೇಕರಿಯ ಮೇಲೆ ಬಾಡಿಗೆಗೆ ಕೋಣೆ ಹಿಡಿದಳು. ರಿಫಾಳ ಶಾಲೆ ಬದಲಾಯಿತು.

ಮೊದಲ ಎರಡು ಭಾನುವಾರ ಅವಳು ಬರಲಿಲ್ಲ. ಡ್ಯೂಟಿ ಉಂಟು ಎಂದು ಫೋನಿನಲ್ಲಿ ಹೇಳಿದಳು. ಮೂರನೆಯ ಭಾನುವಾರ ಬರುತ್ತೇನೆ ಎಂದಾಗ ಬೀಫಾತಿಮಾ ಬೆಳಿಗ್ಗೆಯೇ ಎದ್ದು ಅಕ್ಕಿಯ ಪುಂಡಿ ಮಾಡಿದಳು, ಕೋಳಿ ಸಾರು ಮಾಡಿದಳು. ಹನ್ನೊಂದು ಗಂಟೆಗೆ ಬೆಲ್ಲು ಹೊಡೆಯಿತು. ಬಾಗಿಲು ತೆಗೆದಳು.

ಹಫ್ಸ ಹೊರಗೇ ಚಪ್ಪಲಿ ಬಿಟ್ಟು, “ಅಸ್ಸಲಾಮು ಅಲೈಕುಂ ಉಮ್ಮ” ಅಂದಳು. ಕೈಯಲ್ಲಿ ಎರಡು ಕಿಲೋ ಸೇಬು, ಒಂದು ಬೇಕರಿ ಪೊಟ್ಟಣ. ರಿಫಾಳ ಕೈಯಲ್ಲೂ ಒಂದು ಬಿಸ್ಕೀಟಿನ ಡಬ್ಬ ಇತ್ತು.

“ಇದೆಲ್ಲ ಎಂತಕ್ಕೆ ಮಗಳೇ?”

“ಖಾಲಿ ಕೈಯಲ್ಲಿ ಬರುವುದು ಹೇಗೆ?”

ಬೀಫಾತಿಮಾ ಪೊಟ್ಟಣ ತೆಗೆದುಕೊಂಡಳು. ನೆಂಟರ ಮನೆಗೆ ಹೋಗುವಾಗ ಖಾಲಿ ಕೈಯಲ್ಲಿ ಹೋಗಬಾರದು ಎಂದು ಮಗಳಿಗೆ ಕಲಿಸಿದವಳು ಅವಳೇ. ಮೂವತ್ತೊಂದು ವರ್ಷದಲ್ಲಿ ಹಫ್ಸ ತನ್ನ ಉಮ್ಮನಿದ್ದಲ್ಲಿಗೆ ಹಣ್ಣು ಹಿಡಿದುಕೊಂಡು ಬಂದದ್ದಿಲ್ಲ. “ಒಳಗೆ ಬಾ, ಒಳಗೆ ಬಾ” ಎಂದಳು. ಅದೂ ನೆಂಟರಿಗೆ ಹೇಳುವ ಮಾತೇ ಎಂದು ಹೇಳಿದ ಮೇಲೆ ಗೊತ್ತಾಯಿತು.

ಊಟವಾಯಿತು. ಹಫ್ಸ ಉಪ್ಪನ ಉಗುರು ಕತ್ತರಿಸಿದಳು, ಶಬ್ನಾಳ ಜೊತೆ ಪಾತ್ರೆ ತೊಳೆಯಲು ಹೋದಳು. “ನೀನು ಕೂತ್ಕೋ, ಅಪರೂಪಕ್ಕೆ ಬಂದವಳು” ಎಂದು ಶಬ್ನಾ ಅವಳನ್ನು ಹೊರಗೆ ಕಳಿಸಿದಳು. ರಿಫಾ ಸೋಫಾದ ಅಂಚಿನಲ್ಲಿ ಕಾಲು ಜೋಡಿಸಿ ಕೂತಿದ್ದಳು. ಮೂಡುಬಿದಿರೆಯಲ್ಲಿ ಆ ಮಗು ಒಂದು ಗಳಿಗೆ ಹಾಗೆ ಕೂತದ್ದಿಲ್ಲ.

ನಾಲ್ಕು ಗಂಟೆಗೆ ಹಫ್ಸ ಎದ್ದಳು.

“ಇವತ್ತು ಇಲ್ಲೇ ಇರು ಮಗಳೇ. ನನ್ನ ಚಾಪೆಯಲ್ಲಿ ಮಲಗುವ, ಮೂರೂ ಜನ.”

“ಬೇಡ ಉಮ್ಮ. ನಾಲ್ಕೂವರೆಗೆ ಬಸ್ಸುಂಟು.”

“ಮತ್ತೆ ಯಾವಾಗ ಬರ್ತೀ?”

ಹಫ್ಸ ಮಗಳ ತಲೆಗೆ ಶಾಲು ಸರಿಮಾಡುತ್ತಾ, “ಫೋನು ಮಾಡಿ ಬರ್ತೇನೆ” ಅಂದಳು.